ಸಾಕ್ಷಿಯೇ ತೀರ್ಪು ಕೊಟ್ಟರೆ?

ಪ್ರಿಯ ಸಹೋದರರೇ, ವಂದನೆ.

ನಿಮ್ಮ ‘ನನ್ನ ಮನಸ್ಸಾಕ್ಷಿಯೇ ದೇವರ ದನಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಕ್ರೈಸ್ತ ಸಭೆಯ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಒಂಬತ್ತು ಪುಟದಲ್ಲಿ ನಾಲ್ಕು ಸಾಲು ತುಂಬ ಚೆನ್ನಾಗಿವೆ. ಅವನ್ನು ಏಳನೇ ಪುಟದಲ್ಲಿ ಬಚ್ಚಿಟ್ಟಿದ್ದೀರಿ, ಅಷ್ಟೇ.

ದುಗ್ಗಮ್ಮನ ಜಾತ್ರೆಯ ವಿಷಯ ಹೇಳುತ್ತಿದ್ದೇನೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ದಾವಣಗೆರೆಯಲ್ಲಿ ಯಾರ ಮನೆ ನೋಡಿದರೂ ನೆಂಟರು. ಗೆಳೆಯನ ಮನೆಯಲ್ಲಿ ಊಟಕ್ಕೆ ಕೂತಿದ್ದೀರಿ. ಅವನ ತಾಯಿ ದೇವಿಗೆ ಅರ್ಪಿಸಿದ ಅಡುಗೆ ಬಡಿಸಲು ಬಂದಾಗ ‘ನನ್ನ ಮನಸ್ಸಾಕ್ಷಿ ಒಪ್ಪಲ್ಲ’ ಅಂತ ಎದ್ದು ಬಂದಿರಿ. ಮರುಸಾಲಿಗೇ ಉಪದೇಶ ಶುರು!

ಬೈಬಲಿನ ಕಾಲದಲ್ಲಿ ಕೊರಿಂಥ ಪಟ್ಟಣದ ಕ್ರೈಸ್ತ ಸಭೆಯವರಿಗೆ ಬಂದದ್ದೂ ಇದೇ ಪ್ರಶ್ನೆ. ವಿಗ್ರಹಕ್ಕೆ ಅರ್ಪಿಸಿದ ಮಾಂಸ ತಿನ್ನಬಹುದೋ ಬಾರದೋ? ಅಪೊಸ್ತಲ ಪೌಲ ಅವರಿಗೆ ಬರೆದ ಮೊದಲನೇ ಪತ್ರದ 8ನೇ ಅಧ್ಯಾಯವನ್ನು ನೀವು ಎತ್ತಿಕೊಂಡಿದ್ದೀರಿ. 10ನೆಯದನ್ನು ಯಾಕೆ ಬಿಟ್ಟಿರಿ? ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ವಿಚಾರಣೆ ಮಾಡದೆ ಉಣ್ಣಿ ಎನ್ನುತ್ತಾನೆ. ಇದು ಅರ್ಪಿಸಿದ್ದು ಅಂತ ಯಾರಾದರೂ ಹೇಳಿದರೆ ಬಿಡಿ ಎನ್ನುತ್ತಾನೆ. ಯಾರ ಮನಸ್ಸಾಕ್ಷಿಗಾಗಿ? ನಿನ್ನದಕ್ಕಲ್ಲ, ಹೇಳಿದವನ ಮನಸ್ಸಾಕ್ಷಿಗಾಗಿ. ನಿಮ್ಮ ಲೇಖನದಲ್ಲಿ ಆ ಇನ್ನೊಬ್ಬನೇ ಇಲ್ಲ. ‘ನನ್ನ’ ಎಂಬ ಪದ ಮಾತ್ರ ನಲವತ್ತೊಂದು ಸಲ ಇದೆ. ಪೆನ್ಸಿಲ್ ಹಿಡಿದು ಎಣಿಸಿದೆ.

ನೀವು ಉಣ್ಣಲೇಬೇಕಿತ್ತು ಅಂತಲ್ಲ. ಸಂಶಯ ಇಟ್ಟುಕೊಂಡು ತಿಂದರೆ ಅದೂ ಪಾಪವೇ ಅಂತ ಅದೇ ಪೌಲ ರೋಮದವರಿಗೆ ಬರೆದಿದ್ದಾನೆ. ಒಳಗಿನ ಮಾತನ್ನು ತುಳಿದು ನಡೆಯಬಾರದು. ಆದರೆ ಆ ಮಾತು ಯಾವಾಗಲೂ ಸರಿ ಅಂತ ಹೇಗೆ ಹೇಳ್ತೀರಿ? ನಮ್ಮ ಪದವನ್ನೇ ನೋಡಿ. ಮನಸ್‘ಸಾಕ್ಷಿ’. ಸಾಕ್ಷಿ ಕಟಕಟೆಯಲ್ಲಿ ನಿಂತು ಕಂಡದ್ದು ಹೇಳುತ್ತಾನೆ. ತೀರ್ಪು ಬರೆಯುವವನು ಬೇರೆ. ಸಾಕ್ಷಿಗೆ ತಪ್ಪಾಗಿ ಕಂಡಿರಬಹುದು, ಯಾರೋ ಹೇಳಿಕೊಟ್ಟಿರಬಹುದು. ಪಾಟೀಸವಾಲು ಇರುವುದೇ ಅದಕ್ಕೆ ಅಲ್ವಾ? ನನ್ನಲ್ಲಿ ತಪ್ಪು ಕಾಣುತ್ತಿಲ್ಲ, ಹಾಗಂತ ನಾನು ನಿರಪರಾಧಿ ಆಗಲಿಲ್ಲ, ನನ್ನನ್ನು ವಿಚಾರಿಸುವವನು ಕರ್ತನು ಎಂದವನೂ ಪೌಲನೇ. ಅವನಿಗೆ ಅನುಭವ ಇತ್ತು. ತಾನು ಕ್ರಿಸ್ತನನ್ನು ನಂಬುವ ಮೊದಲು, ಕ್ರೈಸ್ತರನ್ನು ಹಿಡಿದು ಸೆರೆಗೆ ಹಾಕಿಸುತ್ತಿದ್ದಾಗಲೂ ತಾನು ಮಾಡುತ್ತಿರುವುದು ಕರ್ತವ್ಯ ಎಂದೇ ನಂಬಿದ್ದ.

ಇದರ ಉಲ್ಟಾ ಕೂಡ ಉಂಟು. ‘ಮನಸ್ಸಾಕ್ಷಿ ಚುಚ್ಚಲಿಲ್ಲ, ಹಾಗಾಗಿ ತಪ್ಪಿಲ್ಲ’ ಅಂತ ಐದನೇ ಪುಟದಲ್ಲಿ ಬರೆದಿದ್ದೀರಿ. ಚಿಕ್ಕ ವಯಸ್ಸಿನಲ್ಲಿ ನಾನು ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ರೈತರ ಮೆಕ್ಕೆಜೋಳದ ತೂಕದಲ್ಲಿ ಚೀಲಕ್ಕೆ ಇಷ್ಟು ಅಂತ ಸುಮ್ನೆ ಮುರಿದುಕೊಳ್ಳುತ್ತಿದ್ದರು. ಮುರಿದದ್ದನ್ನು ಬರೆಯುವ ಕೈ ನನ್ನದು. ಮೊದಲ ವಾರ ನಿದ್ದೆ ಬರಲಿಲ್ಲ. ಮೂರನೇ ತಿಂಗಳಿಗೆ ಗೊರಕೆ. ಪೌಲನ ಶಿಷ್ಯ ತಿಮೊಥೆಯನಿಗೆ ಬರೆದ ಪತ್ರದಲ್ಲಿ ಬರೆ ಬಿದ್ದ ಮನಸ್ಸಾಕ್ಷಿಯ ಮಾತು ಬರುತ್ತದೆ. ಬರೆ ಬಿದ್ದ ಜಾಗ ಮುಟ್ಟಿದರೆ ಏನೂ ಗೊತ್ತಾಗುವುದಿಲ್ಲ.

ಚರ್ಚಿನ ಸುಧಾರಕ ಮಾರ್ಟಿನ್ ಲೂಥರ್‌ನ ಮಾತನ್ನು ಅರ್ಧಕ್ಕೆ ಕತ್ತರಿಸಿದ್ದೀರಿ. 1521ರಲ್ಲಿ ಜರ್ಮನಿಯ ವರ್ಮ್ಸ್‌ನಲ್ಲಿ ಆತ ಮನಸ್ಸಾಕ್ಷಿಗೆ ವಿರುದ್ಧವಾಗಿ ನಡೆಯಲಾರೆ ಎಂದದ್ದು ನಿಜ. ಅದಕ್ಕೂ ಮೊದಲು ಆ ಮನಸ್ಸಾಕ್ಷಿ ದೇವರ ವಾಕ್ಯಕ್ಕೆ ಸೆರೆಯಾಗಿದೆ ಎಂದಿದ್ದ. ಪೂರ್ತಿ ಹಾಕಿ, ಇಲ್ಲವೇ ತೆಗೆದುಬಿಡಿ.

ಮೊದಲ ಮೂರು ಪುಟದ ವ್ಯಾಖ್ಯಾನ ಬೇಡ. ಅದರ ಬದಲು ದಾವೀದ ತನ್ನನ್ನು ಕೊಲ್ಲಲು ಬೆನ್ನಟ್ಟಿದ್ದ ರಾಜ ಸೌಲನ ನಿಲುವಂಗಿಯ ಅಂಚು ಕತ್ತರಿಸಿದ ಕತೆ ಸಾಕು. ಮೂಲ ಹೀಬ್ರೂವಿನಲ್ಲಿ ಅಲ್ಲಿ ‘ದಾವೀದನ ಹೃದಯ ಅವನನ್ನು ಹೊಡೆಯಿತು’ ಎಂದಿದೆ. ಎಷ್ಟು ಚೆನ್ನಾಗಿದೆ ನೋಡಿ!

ಜಾತ್ರೆಯ ಊಟದಿಂದಲೇ ಶುರು ಮಾಡಿ. ನೀವು ಎದ್ದಾಗ ಆ ತಾಯಿ ಸೌಟು ಹಿಡಿದು ನಿಂತಿದ್ದರಾ, ಒಳಗೆ ಹೋದರಾ? ಗೆಳೆಯ ಮಾರನೇ ದಿನ ಮಾತಾಡಿಸಿದನಾ? ನೆನಪಿಲ್ಲದಿದ್ದರೆ ಅವರ ಮನೆಗೆ ಒಮ್ಮೆ ಹೋಗಿ ಬನ್ನಿ. ಆಮೇಲೆ ಬರೆದು ಕಳಿಸಿ, ನಾಲ್ಕು ಪುಟ ಸಾಕು.

ನಿಮ್ಮ,
ಸಂಪಾದಕ