ರೇಡಿಯೋದಲ್ಲಿ ದನೀನೇ ಮುಖ

ನಮಸ್ಕಾರ ಮೇಡಂ, ನಿಮ್ಮ ಸಮುದಾಯ ರೇಡಿಯೋದಲ್ಲಿ ಬಾಲ್ಯವಿವಾಹ ನಿಂತುಹೋದ 15 ವರ್ಷದ ಹುಡುಗೀನ ಮಾತಾಡಿಸ್ಬೇಕು, ಹೆಸರು ಬದಲಾಯಿಸಿದ್ರೆ ಸಾಕಾ ಅಂತ ಕೇಳಿದ್ದೀರಲ್ಲ, ಖಂಡಿತ ಸಾಲಲ್ಲ. 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74 ಇಂಥ ಮಕ್ಕಳ ಹೆಸರು, ವಿಳಾಸ, ಸ್ಕೂಲು ಮಾತ್ರ ಅಲ್ಲ, ಗುರುತು ಸಿಗೋ ಯಾವ ವಿವರಾನೂ ಹೊರಗೆ ಬರಬಾರದು ಅನ್ನತ್ತೆ, ತಪ್ಪಿದ್ರೆ 6 ತಿಂಗಳವರೆಗೆ ಜೈಲು ಇಲ್ಲಾ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ನಿಮ್ಮದನ್ನ ಕೇಳೋರು ಅಕ್ಕಪಕ್ಕದ ಹಳ್ಳಿಯವ್ರೇ, ದನಿ ಕೇಳಿದ ತಕ್ಷಣ ಇಂಥೋರ ಮಗಳು ಅಂತಾರೆ. ನಾವೂ ಒಂದ್ಸಲ ಹೆಸರು ಬದಲಾಯಿಸಿ ಹಾಕಿದ್ವಿ, ಆದ್ರೆ ಹುಡುಗಿ "ನಮ್ಮನೆ ಪಕ್ಕದ ಗಿರಣಿ" ಅಂದಿದ್ದು ಎಡಿಟಿಂಗಲ್ಲಿ ಕಣ್ತಪ್ಪಿ ಉಳಿದುಬಿಡ್ತು, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿ ಅವರಮ್ಮ ಫೋನಲ್ಲಿ ಅತ್ತಿದ್ದು ಇವತ್ತಿಗೂ ಮರೆತಿಲ್ಲ.

ಅದಕ್ಕೆ ನನ್ನ ಮಾತು ಕೇಳಿ, ಅವಳನ್ನ ಮೈಕ್ ಮುಂದೆ ಕೂರಿಸಲೇಬೇಡಿ. ಇಂಥ ಮೂರ್ನಾಲ್ಕು ಹುಡುಗೀರ ಅನುಭವ ಸೇರಿಸಿ ಒಂದು ನಾಟಕ ಬರೀರಿ, ದೊಡ್ಡೋರು ದನಿ ಕೊಡ್ಲಿ, ಊರು ಜಾತಿ ಕಸುಬು ಎಲ್ಲ ಬದಲಾಗ್ಲಿ. ಕೊನೇಲಿ ಮಕ್ಕಳ ಸಹಾಯವಾಣಿ 1098 ನಂಬರ್ ನಿಧಾನವಾಗಿ ಎರಡು ಸಲ ಹೇಳಿ.

ಕಾರ್ಯಕ್ರಮಕ್ಕೆ ಮಾತಾಡಿಸೋ ಮಿಕ್ಕ ಸ್ಕೂಲ್ ಮಕ್ಕಳು ಗಿಳಿಪಾಠ ಒಪ್ಪಿಸ್ತಾರೆ ಅಂದ್ರಲ್ಲ, ಟೀಚರ್ ಬರ್ಕೊಟ್ಟ ಚೀಟಿ ಈಸ್ಕೊಂಡು ಪಕ್ಕಕ್ಕಿಡಿ, ನೀವೂ ಅವರ ಜೊತೆ ಚಾಪೆ ಮೇಲೆ ಕೂತ್ಕೊಳ್ಳಿ, ರೆಕಾರ್ಡರ್ ಅವರ ಕೈಗೇ ಕೊಟ್ಟು ಹೆಡ್‌ಫೋನಲ್ಲಿ ಅವರ ದನೀನ ಅವರೇ ಕೇಳಲಿ. "ಸ್ಕೂಲಿಗೆ ಬರ್ತಾ ದಾರೀಲಿ ಏನು ನೋಡ್ದೆ" ಅಂತ ಕೇಳಿ ಸುಮ್ನಿರಿ. ಆ ಮೌನಾನ ನೀವು ತುಂಬಬೇಡಿ, ಸ್ವಲ್ಪ ಹೊತ್ತಿಗೆ ಅವರೇ ಶುರು ಮಾಡ್ತಾರೆ.