ಶಾಲೆಯವರು ‘ನಿಮ್ಮ ಶಿಕ್ಷಣ ತತ್ವ, ತರಗತಿಯ ಗುರಿ ಬರೆದುಕೊಡಿ’ ಅಂದರೆ ಏನು ಬರೆಯಬೇಕು?

ಬಿ.ಎಡ್ ಮುಗಿದಿದೆ, ದಾವಣಗೆರೆಯ ಖಾಸಗಿ ಶಾಲೆಯೊಂದರಲ್ಲಿ 6ನೇ ತರಗತಿ ಗಣಿತಕ್ಕೆ ಅರ್ಜಿ ಹಾಕಿದ್ದೀರಿ, ಡೆಮೊ ಕ್ಲಾಸಿಗೆ ಮುಂಚೆ ಈ ಬಗ್ಗೆ ಒಂದು ಪುಟ ಕೇಳಿದ್ದಾರೆ ಅಂತ ಬರೆದಿದ್ದೀರಿ.

‘ಮಗುವಿನ ಸರ್ವಾಂಗೀಣ ಬೆಳವಣಿಗೆಯೇ ನನ್ನ ಗುರಿ’ ಅನ್ನುವ ಸಾಲನ್ನು ಮೊದಲು ಹೊಡೆದುಹಾಕಿ. ಪಿಯಾಜೆ, ವೈಗಾಟ್‌ಸ್ಕಿಯಂಥ ಮನೋವಿಜ್ಞಾನಿಗಳ ಹೆಸರುಗಳನ್ನೂ. ಬಿ.ಎಡ್ ನೋಟ್ಸಿನಿಂದ ಎದ್ದು ಎಲ್ಲರ ಪುಟದಲ್ಲೂ ಬಂದು ಕೂರುವ ಸಾಮಾನು ಅದು. ಹೆಡ್‌ಮಾಸ್ಟರಿಗೆ ಬೇಕಿರುವುದು ಬೇರೆ: ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಈಕೆ ಏನು ಮಾಡುತ್ತಾಳೆ, ಅದಕ್ಕೋಸ್ಕರ ಏನನ್ನು ಬಿಡುತ್ತಾಳೆ. ಏನನ್ನೂ ಬಿಡಲು ಕೇಳದ ನಂಬಿಕೆಯನ್ನು ಪುಟದಲ್ಲಿ ಬರೆದು ಪ್ರಯೋಜನವಿಲ್ಲ.

ನಂಬಿಕೆ ಒಂದೇ ಸಾಕು. ಉದಾಹರಣೆಗೆ: ‘ತಪ್ಪು ಉತ್ತರದ ಹಿಂದೆಯೂ ಮಗುವಿನದೇ ಒಂದು ಲೆಕ್ಕಾಚಾರ ಇರುತ್ತದೆ; ಅದೇನೆಂದು ತಿಳಿಯದೆ ಮುಂದಿನ ಪಾಠಕ್ಕೆ ಹೋಗುವುದಿಲ್ಲ.’ ಇದರ ಕೆಳಗೆ, ಇದು ತರಗತಿಯಲ್ಲಿ ಹೇಗೆ ಕಾಣುತ್ತದೆ ಎಂದು ಬರೆಯಿರಿ.

ದಶಾಂಶದ ಪಾಠವನ್ನೇ ತೆಗೆದುಕೊಳ್ಳಿ. ಮಾರಿಕಣಿವೆಯ (ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ ಡ್ಯಾಮ್) ನೀರಿನ ಮಟ್ಟ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಪೂರ್ಣ ಮಟ್ಟ 130 ಅಡಿ, 2022ರಲ್ಲಿ ಕೋಡಿ ಬಿದ್ದದ್ದು 1933ರ ನಂತರ ಮೊದಲ ಸಲ. ಬೋರ್ಡಿನ ಮೇಲೆ 121.35, 121.4 ಎಂದು ಬರೆದು ಯಾವುದು ಹೆಚ್ಚು ಅಂತ ಕೇಳಿ. ಹಲವು ಮಕ್ಕಳು 121.35 ಅನ್ನುತ್ತಾರೆ. ಅದು ಅಜಾಗರೂಕತೆ ಅಲ್ಲ. ಬಿಂದುವಿನ ನಂತರದ್ದನ್ನು ‘ಮೂವತ್ತೈದು’, ‘ನಾಲ್ಕು’ ಎಂದು ಪೂರ್ಣಸಂಖ್ಯೆಯಂತೆ ಓದಿ ಹೋಲಿಸಿದ್ದಾರೆ, ಅಷ್ಟೇ. ‘ತಪ್ಪು, ಕೂತ್ಕೋ’ ಅಂದರೆ ಆ ಓದು ಹಾಗೇ ಉಳಿಯುತ್ತದೆ. 10×10 ಚೌಕದ ಹಾಳೆಯಲ್ಲಿ 35 ಮನೆ ಒಂದು ಬಣ್ಣ, ಪಕ್ಕದ ಹಾಳೆಯಲ್ಲಿ ನಾಲ್ಕು ಪೂರ್ತಿ ಸಾಲು ಇನ್ನೊಂದು ಬಣ್ಣ ತುಂಬಿಸಿ. ನಾಲ್ಕು ಸಾಲು ಅಂದರೆ 40 ಮನೆ. ‘ಬಿಂದು ಮೂರು ಐದು’ ಎಂದು ಬಿಡಿಬಿಡಿಯಾಗಿ ಓದುವುದನ್ನು ಅವತ್ತಿನಿಂದಲೇ ರೂಢಿ ಮಾಡಿಸಿ.

ಈ ಉದಾಹರಣೆಯಲ್ಲಿ ಮಕ್ಕಳು ಎಡವಿ ಬೀಳುವ ಎರಡು ಗುಂಡಿಗಳಿವೆ. ಸೈಟು, ಮನೆ ಅಳತೆಯನ್ನು ಅಡಿ-ಇಂಚಿನಲ್ಲಿ ಕೇಳಿ ಬೆಳೆದ ಮಕ್ಕಳು 121.4 ಅಂದರೆ 121 ಅಡಿ 4 ಇಂಚು ಅಂದುಕೊಳ್ಳುತ್ತಾರೆ; 0.4 ಅಡಿ ಅಂದರೆ 4.8 ಇಂಚು. ಇನ್ನೊಂದು, 65 ಅಡಿ ಇದ್ದರೆ ಅರ್ಧ ಡ್ಯಾಮ್ ತುಂಬಿದೆ ಅನ್ನುವುದು. ಕಣಿವೆ ಕೆಳಗೆ ಕಿರಿದು, ಮೇಲೆ ಅಗಲ. ಅರ್ಧ ಎತ್ತರದಲ್ಲಿ ನೀರು ಅರ್ಧಕ್ಕಿಂತ ಬಹಳ ಕಡಿಮೆ. ಸ್ಥಳೀಯ ಉದಾಹರಣೆ ಕೊಡಿ ಅಂತ ಎಲ್ಲರೂ ಹೇಳುತ್ತಾರೆ, ಅದು ತರುವ ಹೊಸ ತಪ್ಪುಗಳ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ.

ಸಮಯವನ್ನೂ ಬರೆಯಿರಿ. ನಿನ್ನೆಯ ಪಾಠದ ಮೇಲೆ ಎರಡು ಪ್ರಶ್ನೆಗೆ 5 ನಿಮಿಷ, ಹೊಸ ವಿಷಯಕ್ಕೆ 12, ಜೋಡಿಯಲ್ಲಿ ಲೆಕ್ಕ ಮಾಡಲು 15, ಕೊನೆಗೆ ಚೀಟಿಗೆ 6. ಉಳಿದ ಎರಡು ನಿಮಿಷ ಚೀಟಿ ಸೇರಿಸುವುದರಲ್ಲೇ ಹೋಗುತ್ತದೆ. ಚೀಟಿಯಲ್ಲಿ ಒಂದೇ ಲೆಕ್ಕ ಮತ್ತು ‘ಯಾಕೆ?’ ಎಂಬ ಒಂದು ಸಾಲು. ಕಾರಣವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಉರ್ದುವಿನಲ್ಲೋ, ಮಗುವಿಗೆ ಬರುವ ಭಾಷೆಯಲ್ಲಿ ಬರೆಯಲಿ. 40 ಮಕ್ಕಳ ತರಗತಿಯಾದರೆ, ಪೀರಿಯಡ್ ಮುಗಿದ ಮೇಲೆ ಒಂದಕ್ಕೆ ಹತ್ತು ಸೆಕೆಂಡಿನಂತೆ 40 ಚೀಟಿಯನ್ನು ಏಳು ನಿಮಿಷದೊಳಗೆ ನೋಡಿ ಮುಗಿಸಬಹುದು. ಮೂರು ಕಟ್ಟು ಮಾಡಿ: ಸರಿ, ದಾರಿ ಸರಿ ಆದರೆ ಕೂಡಿಸುವಾಗ ತಪ್ಪು, ದಾರಿಯೇ ತಪ್ಪು. ಮೂರನೆಯ ಕಟ್ಟಿನಲ್ಲಿ ಹತ್ತಕ್ಕಿಂತ ಹೆಚ್ಚಿದ್ದರೆ ಮರುದಿನ ಇಡೀ ತರಗತಿಗೆ ಬೇರೆ ರೀತಿಯಲ್ಲಿ ಹೇಳಬೇಕು, ಕಡಿಮೆಯಿದ್ದರೆ ಜೋಡಿ ಕೆಲಸದ ಹೊತ್ತಿನಲ್ಲಿ ಅವರ ಪಕ್ಕ ಕೂತರೆ ಸಾಕು. ಚೀಟಿಗೆ ಅಂಕ ಕೊಡಬೇಡಿ. ಕೊಟ್ಟ ದಿನದಿಂದ ಪಕ್ಕದವರದ್ದು ನೋಡಿ ಬರೆಯಲು ಶುರು ಮಾಡುತ್ತಾರೆ, ನಿಮಗೆ ಬೇಕಾದ ತಪ್ಪು ಕಾಣಿಸುವುದೇ ಇಲ್ಲ. ಕಟ್ಟಿನ ಪ್ರಕಾರ ಕಾಯಂ ಗುಂಪು ಮಾಡುವುದೂ ಬೇಡ. ‘ದಡ್ಡರ ಬೆಂಚು’ ಯಾವುದು ಅಂತ ಮಕ್ಕಳಿಗೆ ಒಂದೇ ವಾರದಲ್ಲಿ ಗೊತ್ತಾಗುತ್ತದೆ.

‘ಅರ್ಥ ಆಯ್ತಾ?’ ಅಂತ ಕೇಳುವುದರಿಂದ ‘ಹೂಂ ಮಿಸ್’ ಬಿಟ್ಟು ಬೇರೇನೂ ಸಿಗುವುದಿಲ್ಲ. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಮೂರು ಎಣಿಸಿ, ಆಮೇಲೆ ಹೆಸರು ಕರೆಯಿರಿ. ಮೊದಲೇ ಹೆಸರು ಕರೆದರೆ ಉಳಿದ 39 ಮಂದಿ ಯೋಚಿಸುವುದನ್ನು ನಿಲ್ಲಿಸುತ್ತಾರೆ.

ಗುರಿಗಳು ಮೂರಕ್ಕಿಂತ ಹೆಚ್ಚು ಬೇಡ, ಎಣಿಸಲು ಬರುವಂತಿರಲಿ. ‘ಪಾಠ ಮುಗಿದ ಎರಡು ವಾರದ ನಂತರ ಕೇಳಿದರೂ 40ರಲ್ಲಿ 36 ಮಕ್ಕಳು ದಶಾಂಶ ಸಂಖ್ಯೆಗಳನ್ನು ಹೋಲಿಸಿ ಕಾರಣ ಹೇಳುತ್ತಾರೆ.’ ‘ವಾರದಲ್ಲಿ ಪ್ರತಿ ಮಗುವೂ ಒಮ್ಮೆ ಬೋರ್ಡಿನ ಹತ್ತಿರ ಬರುತ್ತದೆ’: ದಿನಕ್ಕೆ ಏಳು ಮಂದಿಯಂತೆ ಆರು ಪೀರಿಯಡ್ಡಿಗೆ 42, ಹಾಜರಿ ಪಟ್ಟಿಯಲ್ಲಿ ಚುಕ್ಕೆ ಇಟ್ಟರೆ ಲೆಕ್ಕ ಸಿಗುತ್ತದೆ. ನೂರಕ್ಕೆ ನೂರು ಅಂತ ಮಾತ್ರ ಬರೆಯಬೇಡಿ, ಅನುಭವಸ್ಥರು ನಗುತ್ತಾರೆ. ಶಿಸ್ತಿನ ಬಗ್ಗೆ ‘ಕಟ್ಟುನಿಟ್ಟು’ ಎಂಬ ಪದ ಕೂಡ ಬೇಡ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಗಲಾಟೆಯಾದರೆ ನೀವು ಏನು ಮಾಡುತ್ತೀರಿ ಅಂತ ಒಂದು ಸಾಲಿನಲ್ಲಿ ಬರೆದರೆ ಆಯಿತು.

ಸಂದರ್ಶನದಲ್ಲಿ ಖಂಡಿತ ಬರುವ ಪ್ರಶ್ನೆ: ‘ಹೀಗೆ ಮಾಡಿದರೆ ಪೋರ್ಷನ್ ಮುಗಿಯುತ್ತಾ?’ ನೀವು ಬಿಡುವುದೇನು ಎಂದು ಇಲ್ಲೇ ಹೇಳಬೇಕು. ಬೋರ್ಡಿನಿಂದ ಇಡೀ ಪ್ರಶ್ನೆಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದಕ್ಕೆ ಸಲೀಸಾಗಿ ಎಂಟು-ಹತ್ತು ನಿಮಿಷ ಹೋಗುತ್ತದೆ. ಪುಟ ಸಂಖ್ಯೆ, ಲೆಕ್ಕದ ಸಂಖ್ಯೆ ಬರೆದು ನೇರವಾಗಿ ಬಿಡಿಸಲಿ. ಚೀಟಿಯ ಆರು ನಿಮಿಷ ಅಲ್ಲೇ ಸಿಕ್ಕಿತು. ಇದರಿಂದ ನೋಟ್‌ಬುಕ್ ತೆಳ್ಳಗೆ ಕಾಣುತ್ತದೆ, ಪೋಷಕರು ಕೇಳುತ್ತಾರೆ. ಅದನ್ನೂ ನೀವೇ ಮೊದಲು ಹೇಳಿಬಿಡಿ. ಪೋಷಕರ ಸಭೆಯಲ್ಲಿ ಚೀಟಿಗಳ ಕಟ್ಟನ್ನೇ ತೋರಿಸುವುದಾಗಿ ಹೇಳಿ.

ಡೆಮೊಗೆ ಹೋಗುವಾಗ ಎ4 ಹಾಳೆ 12 ತೆಗೆದುಕೊಂಡು ನಾಲ್ಕು ನಾಲ್ಕು ಭಾಗ ಮಾಡಿಟ್ಟುಕೊಳ್ಳಿ, 48 ಚೀಟಿ ಆಗುತ್ತವೆ. ಬೆಲ್ಲಿಗೆ ಎಂಟು ನಿಮಿಷ ಇರುವಾಗಲೇ ಪಾಠ ನಿಲ್ಲಿಸಿ ಹಂಚಿ.