ಭಾನುವಾರ ಚೀಲ ಕಟ್ಟಿಕೊಂಡು ಕೂರುತ್ತಿದ್ದ ಹುಡುಗ

ಪುಣೆಯ ಒಂದು ಮಕ್ಕಳ ಪಾಲನಾಗೃಹದಿಂದ ಬಂದ ಪ್ರಕರಣ ಇದು. ಹುಡುಗನಿಗೆ ಒಂಬತ್ತು ವರ್ಷ. ಬಸು ಅಂತ ಕರೆಯೋಣ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ತಾಯಿ ವಿಜಯಪುರ ಜಿಲ್ಲೆಯವಳು, ವಾಕಡದ ಕಡೆ ಕಟ್ಟಡ ಕೆಲಸಕ್ಕೆ ಬಂದಿದ್ದಳು. ಆಕೆ ಕಾಯಿಲೆಯಿಂದ ತೀರಿಕೊಂಡಳು, ತಂದೆ ಎಲ್ಲಿ ಹೋದನೋ ಸುದ್ದಿಯಿಲ್ಲ. ನೋಡಿಕೊಳ್ಳುವವರಿಲ್ಲದ ಮಕ್ಕಳು ಎಲ್ಲಿರಬೇಕು ಅಂತ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿ ಹುಡುಗನನ್ನು ಇಲ್ಲಿಗೆ ಕಳಿಸಿತ್ತು.

ನನ್ನನ್ನು ಕರೆದದ್ದು ಅವನ ನಡವಳಿಕೆ ಸರಿಯಿಲ್ಲ ಅಂತ. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ, ಚಿಕ್ಕವರಿಗೆ ಹೊಡೆಯುತ್ತಾನೆ, ಕೊಟ್ಟ ಬಿಸ್ಕತ್ತು ತಿನ್ನದೆ ಬಚ್ಚಿಡುತ್ತಾನೆ. ಹಾಸಿಗೆ ಕೆಳಗಿದ್ದ ಪೊಟ್ಟಣಗಳನ್ನು ನಾನೂ ನೋಡಿದೆ. ಒಂದರ ಮೇಲೊಂದು ಜೋಡಿಸಿ, ಶಾಲೆಯ ಹಳೇ ಟೈನಿಂದ ಗಂಟು ಹಾಕಿದ್ದ. ಇದೆಲ್ಲ ಯಾಕೆ ಅಂತ ಕೇಳಿದರೆ, "ಮನೀಗೆ ಒಯ್ಯಾಕ" ಅಂದ.

ಕೋಥ್ರೂಡಿನ ಒಬ್ಬ ಗಂಡ ಹೆಂಡತಿ ಅವನನ್ನು ನೋಡಲು ಬರುತ್ತಿದ್ದರು. ಧಾರವಾಡದ ಕಡೆಯವರು, ಮಕ್ಕಳಿಲ್ಲ. ಅಲ್ಲಿ ಅವನ ಜೊತೆ ಕನ್ನಡ ಮಾತಾಡುವವರು ಅವರಿಬ್ಬರೇ. ಪ್ರೀತಿಯಿಂದಲೇ ಆಕೆ ಒಮ್ಮೆ, "ನಾನೂ ನಿಮ್ಮವ್ವ ಇದ್ದಂಗ, ದೀಪಾವಳಿಗೆ ಮನೀಗೆ ಕರಕೊಂಡು ಹೋಗ್ತೀವಿ" ಅಂದುಬಿಟ್ಟರು. ಆಮೇಲೆ ಅತ್ತೆಗೆ ಹುಷಾರಿಲ್ಲ ಅಂತ ಬರುವುದು ತಪ್ಪಿತು. ಬಸು ಮಾತ್ರ ಪ್ರತಿ ಭಾನುವಾರ ತಲೆ ಬಾಚಿಕೊಂಡು, ಬಟ್ಟೆ ಚೀಲ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದ. ಮಾವಶಿ, ಅಂದರೆ ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವಾಕೆ, ಊಟಕ್ಕೆ ಕರೆದರೆ ಬೇಡ ಅನ್ನುತ್ತಿದ್ದ. ಅವನು ಹೊಡೆದಾಡುತ್ತಿದ್ದದ್ದು ಹೆಚ್ಚಾಗಿ ಭಾನುವಾರ ಮಧ್ಯಾಹ್ನವೇ. ದಿನಚರಿ ಪುಸ್ತಕ ತೆಗೆದು ನೋಡಿದಾಗ ಅಲ್ಲಿನವರಿಗೂ ಅದು ಕಂಡಿತು.

ಆ ದಂಪತಿಯನ್ನು ಕರೆಸಿ ಮಾತಾಡಿದೆ. "ಹಂಗಾದ್ರ ದತ್ತು ತಗೋತೀವಿ ಮೇಡಂ" ಅಂದರು. ಮನಸ್ಸು ದೊಡ್ಡದು, ಆದರೆ ಅದು ಅವರ ಕೈಯಲ್ಲಿಲ್ಲ. ಮನೆಯವರನ್ನು ಹುಡುಕಿ ಮುಗಿಯಬೇಕು, ಮಗುವನ್ನು ದತ್ತು ಕೊಡಬಹುದು ಅಂತ ಸಮಿತಿ ಘೋಷಿಸಬೇಕು. ಅದಾದ ಮೇಲೂ ಎಲ್ಲ ನಡೆಯುವುದು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ವ್ಯವಸ್ಥೆಯ ಮೂಲಕ. ಪರಿಚಯದ ಮಗುವನ್ನೇ ಕೊಡಿ ಅಂತ ಕೇಳಲಾಗದು. ಅವರಿಗೆ ನಾನು ಹೇಳಿದ್ದು ಇಷ್ಟು: ಅವ್ವ, ಅಪ್ಪ ಅನ್ನಿಸಿಕೊಳ್ಳಬೇಡಿ, ಕಾಕಾ, ಕಾಕು ಸಾಕು. ತಿಂಗಳಿಗೆ ಒಂದೇ ಭಾನುವಾರ ಬನ್ನಿ, ಆದರೆ ತಪ್ಪಿಸಬೇಡಿ. ಬರಲಾಗದಿದ್ದರೆ ಹಿಂದಿನ ದಿನವೇ ಫೋನಿನಲ್ಲಿ ಅವನಿಗೇ ಹೇಳಿ. ದೀಪಾವಳಿ ಮಾತಿಗೆ ಎದುರು ಕೂತು ಕ್ಷಮೆ ಕೇಳಿ. ಆಕೆ ಅತ್ತರು, ಆದರೂ ಕೇಳಿದರು.

ಮಾವಶಿಯರ ಜೊತೆ ಜಾಸ್ತಿ ಹೊತ್ತು ಕೂರಬೇಕಾಯಿತು. "ಶಾಣ್ಯಾ ಆಗಿದ್ದರೆ ಮನೆಗೆ ಕಳಿಸ್ತಾರೆ" ಅಂತ ಅವರು ಸಮಾಧಾನಕ್ಕೆ ಹೇಳುತ್ತಿದ್ದರು. ಮಗು ಅದನ್ನು ಹೇಗೆ ತಗೊಳ್ಳುತ್ತೆ ಹೇಳಿ? ನಾನು ಕೆಟ್ಟವನು, ಅದಕ್ಕೇ ಇಲ್ಲಿದ್ದೇನೆ ಅಂತಲೇ ಅಲ್ವಾ? ಮನೆ ನೆನಪಾಗಿ ಅತ್ತರೆ ಆಟದ ಸಾಮಾನು ಕೊಟ್ಟು ಮರೆಸಬೇಡಿ, ಅಳಲಿ, ಪಕ್ಕದಲ್ಲಿ ಕೂತಿರಿ ಅಂದೆ. ತಾಯಿ ಸತ್ತದ್ದನ್ನು ಅವನಿಗೆ ಯಾರೂ ಬಾಯಿಬಿಟ್ಟು ಹೇಳಿರಲೇ ಇಲ್ಲ. "ಊರಿಗೆ ಹೋಗಿದ್ದಾಳೆ" ಅಂದಿದ್ದರಂತೆ. ಸತ್ತಿದ್ದಾಳೆ, ವಾಪಸ್ ಬರುವುದಿಲ್ಲ, ಅದರಲ್ಲಿ ನಿನ್ನ ತಪ್ಪೇನೂ ಇಲ್ಲ ಅಂತ ಸರಳವಾಗಿ ಹೇಳಿದೆವು. ಬಹಳ ಹೊತ್ತು ಸುಮ್ನೆ ಇದ್ದ. ಆಮೇಲೆ, "ಅಮ್ಮಗ ಗೊತ್ತೈತೇನು?" ಅಂದ.

ಅಮ್ಮ ಅಂದರೆ ತಾಯಿಯ ತಾಯಿ. ಆಕೆ ಇರುವುದೇ ಕಡತದಲ್ಲಿ ಇರಲಿಲ್ಲ. ನಿಂಬೆಹಣ್ಣಿನ ಚೀಲ ಹೊಲಿಯುತ್ತಿದ್ದಳು, ರೈಲು ಇಳಿದು ಟಂಟಂ ಹತ್ತಬೇಕು, ಗುಡಿ ಮುಂದೆ ಬೇವಿನ ಮರ ಇದೆ ಅಂತ ಒಂದೊಂದೇ ನೆನಪು ಬಂತು. ನಿಂಬೆ, ರೈಲು ಎರಡೂ ಸೇರಿದರೆ ವಿಜಯಪುರ ಜಿಲ್ಲೆಯಲ್ಲಿ ನಿಂಬೆಗೆ ಹೆಸರಾದ ಇಂಡಿ ಕಡೆಯೇ ಇರಬೇಕು ಅನ್ನಿಸಿತು. ಅವನು ಹೇಳಿದ್ದನ್ನು ಹಾಗೇ ಬರೆದು ಸಮಿತಿಗೆ ಕೊಟ್ಟೆವು. ಸಮಿತಿಯಿಂದ ವಿಜಯಪುರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಪತ್ರ ಹೋಯಿತು. ಮನೆ ಸಿಕ್ಕಿತು.

ಮೊದಲ ವಿಡಿಯೋ ಕಾಲ್‌ನಲ್ಲಿ ಅಜ್ಜಿ ಕೇಳಿದ್ದು, "ಉಂಡಿಯೇನಪಾ?" ಬಸು ಮರಾಠಿಯಲ್ಲಿ "ಹೋ" ಅಂದ.

ಅಜ್ಜಿ ಮಗ ಸೊಸೆ ಜೊತೆ ಇದ್ದಾರೆ. ಇನ್ನೊಂದು ಹೊಟ್ಟೆ ಹೇಗೆ ಸಾಕುವುದು ಅನ್ನೋದು ಸೊಸೆಯ ಚಿಂತೆ, ಅದರಲ್ಲಿ ತಪ್ಪೇನಿಲ್ಲ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ, ಬಂಧುಗಳ ಮನೆಯಲ್ಲಿ ಬೆಳೆಯುವ ಇಂಥ ಮಗುವಿಗೆ ತಿಂಗಳಿಗೆ 4000 ರೂಪಾಯಿ ನೆರವು ಸಿಗುತ್ತದೆ. ಹಳ್ಳಿಯಲ್ಲಾದರೆ ಕುಟುಂಬದ ವಾರ್ಷಿಕ ಆದಾಯ 72,000 ಮೀರಿರಬಾರದು. ಅರ್ಜಿ ಹಾಕಿಸಿದೆವು. 2015ರ ಬಾಲನ್ಯಾಯ ಕಾಯ್ದೆ ಮಗುವನ್ನು ಇಂಥ ಸಂಸ್ಥೆಯಲ್ಲಿ ಇಡುವುದನ್ನು ಕೊನೆಯ ದಾರಿ ಅನ್ನುತ್ತದೆ. ಬಡತನ ಒಂದೇ ಅಡ್ಡಿಯಾದರೆ ಆ ಬಡತನಕ್ಕೆ ನೆರವು ಕೊಡಬೇಕು, ಮಗುವನ್ನು ದೂರ ಇಡುವುದಲ್ಲ.

ಸಂಬಂಧಿಕರ ಮದುವೆಗೆ ಸಮಿತಿ ರಜೆ ಕೊಟ್ಟಿತು. ಸಾಮಾನ್ಯವಾಗಿ ಅದು ಏಳು ದಿನ ಮೀರುವಂತಿಲ್ಲ. ಸಮಾಜ ಕಾರ್ಯಕರ್ತೆಯ ಜೊತೆ ಬಸು ಊರಿಗೆ ಹೋಗಿಬಂದ. ಬಿಸ್ಕತ್ತೂ ಹೋದವು.

ಈಗ ಅವನನ್ನು ಕಾಯಂ ಆಗಿ ಕಳಿಸುವ ಆದೇಶ ಆಗಿದೆ. ಕೋಥ್ರೂಡಿನ ಕಾಕು ಅವನಿಗೆ ಕನ್ನಡ ಅಕ್ಷರ ಹೇಳಿಕೊಡುತ್ತಿದ್ದಾರೆ, ಅಲ್ಲಿನ ಶಾಲೆಯಲ್ಲಿ ಬೇಕಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ವಯಸ್ಸಿಗೆ ತಕ್ಕ ತರಗತಿಯಲ್ಲೇ ಸೇರಿಸಿಕೊಳ್ಳಬೇಕು, ಕನ್ನಡ ಬರಲ್ಲ ಅಂತ ಒಂದನೇ ತರಗತಿಗೆ ಹಾಕಲು ಒಪ್ಪಬೇಡಿ ಅಂತ ಅವನ ಸೋದರಮಾವನಿಗೆ ಹೇಳಿದ್ದೇನೆ. ಅತ್ತೆಗೂ ಎರಡು ಮಾತು ಹೇಳಿದೆ. ಮೊದಲ ಕೆಲವು ತಿಂಗಳು ಹಾಸಿಗೆ ಮತ್ತೆ ಒದ್ದೆಯಾಗಬಹುದು, ಬೈಯಬೇಡಿ. ಎಷ್ಟೇ ಸಿಟ್ಟು ಬಂದರೂ "ಪುಣೇಕ ವಾಪಸ್ ಕಳಸ್ತೀನಿ" ಅಂತ ಮಾತ್ರ ಅನ್ನಬೇಡಿ.